ಉದ್ರಿ ಲೆಕ್ಕಕ್ಕ ಒಂದು ಸಾಫ್ಟ್‌ವೇರ್ ಬರ್ಯಾಕತ್ತೀನಿ, ಅಂಗಡಿ ನಡೆಸೋರು ಸ್ವಲ್ಪ ಹೇಳ್ರಿ

ರಾಣೆಬೆನ್ನೂರ್_ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಸೋದರಮಾವಂದು ರಾಣೆಬೆನ್ನೂರಾಗ ಬೀಜ, ಗೊಬ್ಬರ, ಔಷಧಿ ಅಂಗಡಿ ಐತಿ, ನಾನು ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಹೋದ ದೀಪಾವಳಿಗೆ ಊರಿಗೆ ಹೋದಾಗ ಲಕ್ಷ್ಮೀಪೂಜಿಗೆ ಹೊಸ ಖಾತೆ ಪುಸ್ತಕ ಇಟ್ಟಿದ್ರು, ಪೂಜಿ ಮುಗದ ಮ್ಯಾಲ ಮೂರು ದಿನ ಕುಂತು ಹಳೇ ಪುಸ್ತಕದಾಗಿನ ಬಾಕಿ ಎಲ್ಲಾ ಹೊಸದಕ್ಕ ಎತ್ತಿ ಬರದ್ರು, ನಾನೂ ಜೋಡಿ ಕುಂತಿದ್ದೆ. ನಾನೂರರ ಮ್ಯಾಲ ಖಾತೆ ಅದಾವು. ಎರಡು ಕಡೆ ಕೂಡಿಸಿದ್ದು ತಪ್ಪಿತ್ತು, ಒಂದು ಕಡೆ ರೈತ ಕೊಟ್ಟ 12,000 ಜಮಾನೇ ಆಗಿರಲಿಲ್ಲ, ಬರದ ಚೀಟಿ ಗಲ್ಲಾದ ತಳದಾಗ ಸಿಕ್ತು. ಆ ರೈತ ಏನರ ಮರತಿದ್ರ ಅವನ ಹನ್ನೆರಡು ಸಾವಿರ ಹೋಗೇಬಿಡ್ತಿತ್ತು. ಅವತ್ತ ಮಾವ ರಾತ್ರಿ ಸರಿಯಾಗಿ ಉಣ್ಣಲಿಲ್ಲ, ಅದನ್ನ ನೋಡಿನ ಈ ಕೆಲಸಕ್ಕ ಕೈ ಹಾಕೀನಿ.

ಸಬ್ಸಿಡಿ ಗೊಬ್ಬರಕ್ಕ ಪಿಓಎಸ್ ಮಷಿನ್ ಐತಿ, ಆಧಾರ್ ಮ್ಯಾಲ ಹೆಬ್ಬೆಟ್ಟು ಒತ್ತಿಸ್ಕೊಂಡು ಚೀಲದ ಎಂಟ್ರಿ ಆಗ್ತೈತಿ, ಆದ್ರ ಅದಕ್ಕ ಚೀಲ ಹೋಗಿದ್ದು ಗೊತ್ತು, ರೊಕ್ಕ ಬಂತೋ ಇಲ್ಲೋ ಗೊತ್ತಿಲ್ಲ. ಡಿಎಪಿ 1,350ರಂಗ ನಾಕು ಚೀಲ ಒಯ್ದ್ರ 5,400, ಅದರಾಗ 2,000 ಕೈಯಾಗ ಕೊಟ್ಟು ಉಳದದ್ದು ಉದ್ರಿ ಅಂದ್ರ ಅದು ಮಾವನ ಪುಸ್ತಕದಾಗ ಮಾತ್ರ ಇರ್ತೈತಿ.

ನನ್ನ ಪ್ಲಾನ್ ಏನಂದ್ರ, ಗಿರಾಕಿಗೊಂದು ಟೇಬಲ್, ಅದರಾಗ ಬಾಕಿ ಅಂತ ಒಂದು ಕಾಲಂ, ಒಯ್ದ್ರ ಪ್ಲಸ್ ಕೊಟ್ರ ಮೈನಸ್, ಒಂದು ಯುಪಿಐ ಕ್ಯೂಆರ್, ಮತ್ತ ಮೂವತ್ತು ದಿನಕ್ಕೊಮ್ಮೆ ವಾಟ್ಸಾಪಿಗೆ ತಾನಾಗೇ ನೆನಪಿನ ಮೆಸೇಜ್. ಇಷ್ಟು ಸಾಕಾ? ಕೋಡ್ ಗೊತ್ತಿದ್ದೋರಕಿಂತ ಅಂಗಡಿ ಗೊತ್ತಿದ್ದೋರು ಹೇಳಿದ್ರ ಭಾಳ ಉಪಕಾರ ಆಗ್ತೈತಿ.

ಕಿರಾಣಿ_ಅಕ್ಕ_ಮೈಸೂರು

ತಮ್ಮ, ನಿನ್ನ ಪ್ಲಾನ್ ಓದಿದೆ, ಒಳ್ಳೇದು ಮಾಡ್ತಿದೀಯ. ಇಂಥ ಆ್ಯಪ್‌ಗಳು ಆಗ್ಲೇ ಬೇಕಾದಷ್ಟಿವೆ, ನಾನೂ ಎರಡು ಹಾಕ್ಕೊಂಡು ನೋಡಿದೀನಿ, ಮೂರು ತಿಂಗಳು ಬರೆದು ವಾಪಸ್ ಪುಸ್ತಕಕ್ಕೇ ಬಂದೆ. ಯಾಕೆ ಅಂತ ಹೇಳ್ತೀನಿ.

ಸಂಜೆ ಏಳು ಗಂಟೆಗೆ ಅಂಗಡಿ ಮುಂದೆ ಎಂಟು ಜನ ನಿಂತಿರ್ತಾರೆ, ಒಬ್ಬರಿಗೆ ಮೊಸರು, ಒಬ್ಬರಿಗೆ ಕಾಲು ಕೆಜಿ ತೊಗರಿಬೇಳೆ, ಒಂದು ಮಗು ಬಂದು ಅಮ್ಮ ಬರೆಸ್ಕೊಂಡು ಬಾ ಅಂದ್ರು ಅನ್ನತ್ತೆ. ಆಗ ಫೋನ್ ತೆಗೆದು ಲಾಕ್ ಬಿಚ್ಚಿ ಆ್ಯಪ್ ಓಪನ್ ಮಾಡಿ ಹೆಸರು ಹುಡುಕಿ ಅಷ್ಟೊತ್ತಿಗೆ ಮೂರು ಜನ ಹೊರಟೋಗಿರ್ತಾರೆ. ಪುಸ್ತಕದಲ್ಲಾದ್ರೆ ಪುಟ ಮಡಚಿಟ್ಟಿರ್ತೀನಿ, ಪೆನ್ನು ದಾರದಲ್ಲಿ ಕಟ್ಟಿರತ್ತೆ, ಗೀಚಿದ್ರೆ ಆಯ್ತು.

ಹೆಸರಿಂದು ಇನ್ನೊಂದು ಕಥೆ. ನಮ್ಮ ಬೀದೀಲಿ ಐದು ಜನ ಮಂಜುನಾಥ ಇದಾರೆ, ನನ್ನ ಪುಸ್ತಕದಲ್ಲಿ ಆಟೋ ಮಂಜು, ಮೂಲೆ ಮನೆ ಮಂಜು, ಟೀಚರಮ್ಮನ ಮಗ ಮಂಜು ಅಂತ ಇರತ್ತೆ. ಆ್ಯಪ್ ಫೋನ್ ನಂಬರ್ ಕೊಡು ಅನ್ನತ್ತೆ. ಬೀದಿ ಕೊನೆ ಅಜ್ಜಿಗೆ ಫೋನೇ ಇಲ್ಲ, ಅವರ ಖಾತೆ ಹೆಂಗ್ ತೆರೀಲಿ? ಮತ್ತೆ ನಮ್ಮಲ್ಲಿ ಖಾತೆ ಮನೆಗೆ ಇರತ್ತೆ, ಒಬ್ಬ ಮನುಷ್ಯನಿಗೆ ಅಲ್ಲ. ಗಂಡ ತಿಂಗಳ ಕೊನೇಲಿ ದುಡ್ಡು ಕೊಡ್ತಾರೆ, ತಗೊಂಡು ಹೋಗೋರು ಹೆಂಡತಿ, ಮಕ್ಕಳು, ಒಂದೊಂದ್ಸಲ ಊರಿಂದ ಬಂದ ನೆಂಟರು. "ಇದು ನಾವು ತಗೊಂಡಿದ್ದಲ್ಲ" ಅಂತ ಜಗಳ ಬರೋದು ಯಾವಾಗ್ಲೂ ಇಲ್ಲೇ. ಅದಕ್ಕೇ ಯಾರು ಒಯ್ದ್ರು ಅನ್ನೋದನ್ನೂ ಪಕ್ಕದಲ್ಲಿ ಬರೀತೀನಿ, ದೊಡ್ಡ ಮಗ, ಸೊಸೆ, ಹಿಂಗೆ.

ಎಲ್ಲಕ್ಕಿಂತ ಮುಖ್ಯ ಒಂದಿದೆ ಕೇಳು. ನಂದೊಂದು ಪುಸ್ತಕ, ಅವರದೊಂದು ಚಿಕ್ಕ ಪುಸ್ತಕ. ಪ್ರತಿ ಸಲ ಎರಡರಲ್ಲೂ ನಾನೇ ಬರೆದು ಕೊಡ್ತೀನಿ. ಅವರು ಮನೇಲಿ ಕೂತು ಕೂಡಿಸಿ ನೋಡ್ಕೋತಾರೆ. ಆ ಚಿಕ್ಕ ಪುಸ್ತಕ ಇರೋದಕ್ಕೇ ಇಪ್ಪತ್ತು ವರ್ಷದಿಂದ ಗಿರಾಕಿ ನನ್ನ ಹತ್ರ ಇದಾರೆ. ನಿನ್ನ ಸಾಫ್ಟ್‌ವೇರಲ್ಲಿ ಅವರ ಕೈಗೆ ಏನು ಸಿಗತ್ತೆ?

ಕಿರ್ದಿ_ಕೋಡ್

ಅಕ್ಕ ಹೇಳಿದ ಕೊನೇ ಪ್ರಶ್ನೆನೇ ಡಿಸೈನ್‌ನ ಬೇರು, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಟೇಬಲ್ ವಿಷಯ. ನಾನು ಹತ್ತು ವರ್ಷದಿಂದ ಪೇಮೆಂಟ್ ಸಿಸ್ಟಂಗಳಲ್ಲೇ ಕೆಲಸ ಮಾಡ್ತಿರೋನು, ದಯವಿಟ್ಟು ಬಾಕಿ ಅಂತ ಕಾಲಂ ಇಟ್ಟು ಅದನ್ನ ತಿದ್ದೋಕೆ ಹೋಗ್ಬೇಡಿ. ಇವತ್ತು 3,400 ಅಂತ ಇದ್ದಿದ್ದು ನಾಳೆ 2,400 ಆದ್ರೆ ಯಾಕೆ ಆಯ್ತು ಅಂತ ಯಾರಿಗೂ ಹೇಳೋಕೆ ಬರಲ್ಲ.

ನಿಮ್ಮ ಮಾವನ ಪುಸ್ತಕದಲ್ಲೇ ಉತ್ತರ ಇದೆ ನೋಡಿ. ದಿನದ ವ್ಯವಹಾರ ಬಂದ ಹಾಗೆ ಬಂದ ಹಾಗೆ ಬರೆಯೋದು ಕಿರ್ದಿ, ಅಲ್ಲಿಂದ ಹೆಸರುವಾರು ಎತ್ತಿ ಬರೆಯೋದು ಖಾತೆ. ಕಿರ್ದಿ ಮೂಲ, ಖಾತೆ ಅದರಿಂದ ಹುಟ್ಟಿದ್ದು. ಸಾಫ್ಟ್‌ವೇರೂ ಹಾಗೇ ಇರ್ಲಿ. ಕಿರ್ದಿ ಟೇಬಲ್‌ಗೆ ಸಾಲು ಸೇರಿಸ್ತಾ ಹೋಗೋದು ಮಾತ್ರ, ಅಳಿಸೋದು ಇಲ್ಲ, ತಿದ್ದೋದು ಇಲ್ಲ. ಬಾಕಿ ಬೇಕಾದಾಗ ಆ ಸಾಲುಗಳನ್ನ ಕೂಡಿಸಿ ತೋರ್ಸಿ, ನಾನೂರು ಖಾತೆ ಅಂದ್ರೆ ಹಳೇ ಫೋನಲ್ಲೂ ಕಣ್ಣು ಮಿಟುಕಿಸೋದ್ರೊಳಗೆ ಆಗತ್ತೆ. ತಪ್ಪು ಬರೆದ್ರೆ? ಉಲ್ಟಾ ಎಂಟ್ರಿ. 500 ಬದಲು 5,000 ಅಂತ ಹಾಕಿದ್ರೆ ಅದನ್ನ ಹಾಗೇ ಬಿಟ್ಟು ಮೈನಸ್ 5,000 ಅಂತ ಒಂದು ಸಾಲು, ಮತ್ತೆ ಸರಿಯಾದ 500 ಒಂದು ಸಾಲು. ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಏನು ತಿದ್ದಿದ್ರು ಅನ್ನೋ ದಾಖಲೆ ಇರ್ಲೇಬೇಕು ಅಂತ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ನಿಯಮನೇ ಇದೆ, ಸಣ್ಣ ಅಂಗಡಿಗೆ ಅದು ಅನ್ವಯಿಸಲ್ಲ ಆದ್ರೆ ಕಾರಣ ಅದೇ.

ದುಡ್ಡನ್ನ ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ, ಕಂಪ್ಯೂಟರ್ ದಶಮಾಂಶನ ಅಂದಾಜಲ್ಲಿ ಇಡೋ ಫ್ಲೋಟ್ ಬೇಡವೇ ಬೇಡ, ಅದರಲ್ಲಿ 0.1 ಮತ್ತು 0.2 ಕೂಡಿಸಿದ್ರೆ ಸರಿಯಾಗಿ 0.3 ಬರಲ್ಲ. ಎರಡು ತಾರೀಖು ಇಡಿ, ವ್ಯವಹಾರ ಆದ ದಿನ ಮತ್ತು ಬರೆದ ದಿನ, ನಿಮ್ಮ ಗಲ್ಲಾದ ಚೀಟಿ ಆರು ತಿಂಗಳು ಬಿಟ್ಟು ಸಿಕ್ಕಿದ್ದು ಆಗ ಕಾಣತ್ತೆ. ಮತ್ತೆ ಪ್ರತಿ ಎಂಟ್ರಿಗೂ ಫೋನಲ್ಲೇ ಒಂದು ಗುರುತಿನ ನಂಬರ್ ಹುಟ್ಲಿ, ನೆಟ್‌ವರ್ಕ್ ಬಿಟ್ಟು ಬಂದು ಅದೇ ಎಂಟ್ರಿ ಎರಡು ಸಲ ಸರ್ವರ್‌ಗೆ ಹೋದ್ರೂ ಒಂದೇ ಅಂತ ಗೊತ್ತಾಗಬೇಕು. ಹಳ್ಳಿ ಕಡೆ ಕರೆಂಟು ನೆಟ್ಟು ಎರಡೂ ನಂಬೋ ಹಾಗಿಲ್ಲ, ಎಲ್ಲ ಮೊದಲು ಫೋನ್ ಒಳಗೆ ಬರೆದು ಆಮೇಲೆ ಮೇಲಕ್ಕೆ ಹೋಗ್ಲಿ.

ಪೀಣ್ಯ_ಲೇತ್

ನಂದು ಪೀಣ್ಯದಲ್ಲಿ ಸಣ್ಣ ಮಷಿನ್ ಶಾಪು, ಎರಡು ಸಿಎನ್‌ಸಿ ಮೂರು ಲೇತು. ನಮ್ಮ ಕಷ್ಟ ಬೇರೆ ಥರ. ಗಿರಾಕಿ ಹನ್ನೆರಡೇ ಜನ, ಆದ್ರೆ ಬಿಲ್ಲು ನೂರಾರು. ಅವರು ಒಟ್ಟಿಗೆ ಒಂದು ಮೊತ್ತ ಬ್ಯಾಂಕಿಗೆ ಹಾಕಿ ಸುಮ್ನಾಗಿಬಿಡ್ತಾರೆ, ಯಾವ ಬಿಲ್ಲಿಗೆ ಅಂತ ಹೇಳಲ್ಲ. ಜೊತೆಗೆ ಟಿಡಿಎಸ್, ಅಂದ್ರೆ ನಮ್ಮ ತೆರಿಗೆ ಅಂತ ಮೊದಲೇ ಒಂದಿಷ್ಟು, ಹಿಡ್ಕೋತಾರೆ. ಜಾಬ್ ವರ್ಕ್, ಅಂದ್ರೆ ಅವರ ಮಾಲಿಗೆ ನಾವು ಮಾಡಿಕೊಡೋ ಕೆಲಸ, ಒಂದು ಲಕ್ಷ, ಅದರ ಮೇಲೆ 18% ಜಿಎಸ್‌ಟಿ, ಬಿಲ್ಲು 1,18,000. ನಮ್ದು ಪಾರ್ಟ್ನರ್‌ಶಿಪ್ ಆದ್ರಿಂದ ಲಕ್ಷಕ್ಕೆ 2% ಅಂದ್ರೆ 2,000 ಹಿಡ್ಕೊಂಡು 1,16,000 ಹಾಕ್ತಾರೆ. ಸಾಫ್ಟ್‌ವೇರ್ ಆ ಎರಡು ಸಾವಿರನ ಬಾಕಿ ಅಂತ ತೋರಿಸ್ತಾ ಕೂತಿರತ್ತೆ, ನಮ್ಮ ಹುಡುಗ ಫೋನ್ ಮಾಡಿ ಕೇಳ್ತಾನೆ, ಅವರು ಬೈತಾರೆ. ಟಿಡಿಎಸ್, ಮಾಲು ವಾಪಸ್ ಬಂದಿದ್ದು, ತೂಕ ಕಮ್ಮಿ ಅಂತ ಕಟ್ ಮಾಡಿದ್ದು, ಚಿಲ್ಲರೆ ಬಿಟ್ಟಿದ್ದು, ಇವೆಲ್ಲ ದುಡ್ಡು ಬಂದಿದ್ದಲ್ಲ ಆದ್ರೂ ಬಿಲ್ಲು ತೀರಿದ್ದು. ಇದಕ್ಕೆ ಬೇರೆ ಬೇರೆ ಹೆಸರು ಇರ್ಲೇಬೇಕು ತಮ್ಮ.

ಯಾವ ಬಿಲ್ಲಿಗೆ ಅಂತ ಗೊತ್ತಿಲ್ಲದ ದುಡ್ಡು ಬಂದ್ರೆ ಹಳೇ ಬಿಲ್ಲಿಗೆ ತಾನಾಗೇ ಹಾಕ್ಬೇಡಿ, ಖಾತೆಗೆ ಜಮಾ ಅಂತ ಇಟ್ಟು ಆಮೇಲೆ ಜೋಡಿಸೋಕೆ ಬಿಡಿ. ತಕರಾರಿರೋ ಹಳೇ ಬಿಲ್ಲು ತೀರಿದೆ ಅಂತ ತೋರ್ಸಿ ಹೊಸದು ಬಾಕಿ ಅಂತ ತೋರಿಸಿದ್ರೆ ತಲೆ ಕೆಟ್ಟೋಗತ್ತೆ.

ಇನ್ನೊಂದು, ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಇರೋ ಸಣ್ಣ ತಯಾರಕರಿಗೆ 45 ದಿನದೊಳಗೆ ದುಡ್ಡು ಕೊಡ್ಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೇಲಿ ಇದೆ, ಲಿಖಿತ ಒಪ್ಪಂದ ಇಲ್ದಿದ್ರೆ 15 ದಿನ. ಆ ದಿನ ಎಣಿಸೋದು ಬಿಲ್ಲಿನ ತಾರೀಖಿಂದ ಅಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ಎಷ್ಟೋ ಸಾಫ್ಟ್‌ವೇರಲ್ಲಿ ಆ ತಾರೀಖಿಗೆ ಜಾಗನೇ ಇಲ್ಲ. ಡೆಲಿವರಿ ಚಲನ್‌ಗೆ ಸೀಲ್ ಹಾಕಿಸ್ಕೊಂಡ ಫೋಟೋ ಬಿಲ್ಲಿನ ಜೊತೆ ಇಡೋಕೆ ಬಂದ್ರೆ ನಾನಂತೂ ದುಡ್ಡು ಕೊಟ್ಟು ತಗೋತೀನಿ.

ಟ್ಯಾಕ್ಸ್_ಮೇಷ್ಟ್ರು

ಪೀಣ್ಯದವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ತಡ ಆದ್ರೆ ಬಡ್ಡಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಆದ್ರೆ ರಾಣೆಬೆನ್ನೂರಿನ ಮಾವ ಬೇರೆಯವರ ಮಾಲು ತಂದು ಮಾರೋ ವ್ಯಾಪಾರಿ, ಉದ್ಯಮ್ ನೋಂದಣಿ ಇದ್ರೂ ಈ 45 ದಿನದ ರಕ್ಷಣೆ ಅವರಿಗೆ ಸಿಗಲ್ಲ. ಅವರಿಗೆ ಮುಖ್ಯ ಆಗೋದು ಮೂರು ವರ್ಷದ ಕಾಲಮಿತಿ. ಉದ್ರಿ ವಸೂಲಿಗೆ ಕೋರ್ಟಿಗೆ ಹೋಗೋಕೆ ಮೂರು ವರ್ಷ, ಅದರೊಳಗೆ ಗಿರಾಕಿ ಇಷ್ಟು ಬಾಕಿ ಹೌದು ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದ್ರೆ ಅವತ್ತಿಂದ ಮತ್ತೆ ಹೊಸ ಎಣಿಕೆ. ಹಳೇ ಕಾಲದ ಅಂಗಡಿಯವರು ವರ್ಷಕ್ಕೊಂದ್ಸಲ ಖಾತೆಗೆ ಸಹಿ ಹಾಕಿಸ್ಕೋತಿದ್ದಿದ್ದು ಇದಕ್ಕೇ. ಯಾರೂ ಕೋರ್ಟಿಗೆ ಹೋಗಲ್ಲ ಬಿಡಿ, ಆದ್ರೆ ವರ್ಷಕ್ಕೊಂದ್ಸಲ ಇಬ್ಬರೂ ಕೂತು ಲೆಕ್ಕ ಓದಿ ಹೌದು ಅಂದ್ಕೊಂಡ್ರೆ ಜಗಳನೇ ಹುಟ್ಟಲ್ಲ. ಅಂಥದೊಂದು ಪುಟ ಪ್ರಿಂಟ್ ಬರೋ ಹಾಗೆ ಮಾಡಿ, ಕೆಳಗೆ ಸಹಿಗೆ ಜಾಗ ಬಿಡಿ.

ಕ್ಯೂಆರ್ ವಿಷಯ ಬಂತಲ್ಲ, 2025ರ ಜುಲೈಯಲ್ಲಿ ಏನಾಯ್ತು ಎಲ್ಲರಿಗೂ ನೆನಪಿದೆ. ಯುಪಿಐ ಜಮಾ ನೋಡಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಸ್ಟಿಕ್ಕರೇ ಕಿತ್ತು ನಗದು ಮಾತ್ರ ಅಂತ ಬೋರ್ಡ್ ಹಾಕಿದ್ರು, ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನ ಕರೆದು ಮಾತಾಡಬೇಕಾಯ್ತು. ಆಗ ನನ್ನ ಹತ್ರ ಬಂದವರಲ್ಲಿ ಸುಮಾರು ಜನರದ್ದು ಒಂದೇ ಕಥೆ, ಮಗ ಕಳಿಸಿದ ದುಡ್ಡು, ಚೀಟಿ ಎತ್ತಿದ್ದು, ಸ್ನೇಹಿತ ಸಾಲ ತೀರಿಸಿದ್ದು, ಎಲ್ಲಾ ಅದೇ ಕ್ಯೂಆರ್‌ಗೆ ಬಂದಿತ್ತು. ಬರೀ ಹಾಲು ತರಕಾರಿ ಮಾರೋನಿಗೆ ಅದಕ್ಕೆ ತೆರಿಗೆನೇ ಇಲ್ಲ, ಆದ್ರೆ ತಾನು ಮಾರಿದ್ದು ಅದೇ ಅಂತ ತೋರಿಸೋಕೆ ಒಂದು ಚೀಟಿನೂ ಇರಲಿಲ್ಲ. ಸರಕು ಮಾತ್ರ ಮಾರೋರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ಆದ್ರಿಂದ ಬಂದ ಪ್ರತಿ ದುಡ್ಡಿಗೂ ಇದು ವ್ಯಾಪಾರದ್ದಾ, ಮನೇದಾ, ಸಾಲದ್ದಾ ಅಂತ ಅವತ್ತೇ ಒಂದು ಗುರುತು ಬೀಳ್ಲಿ, ನಾಲ್ಕು ವರ್ಷ ಬಿಟ್ಟು ಕೇಳಿದ್ರೆ ಯಾರಿಗೆ ನೆನಪಿರತ್ತೆ. ಮಾವನ ಅಂಗಡೀಲಿ ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ಗೊಬ್ಬರಕ್ಕೆ 5%, ಕೀಟನಾಶಕಕ್ಕೆ 18%, ಬಿಲ್ಲು ಮತ್ತೆ ಬಾಕಿ ಎರಡನ್ನೂ ಒಂದೇ ಪೆಟ್ಟಿಗೆಗೆ ತುಂಬ್ಬೇಡಿ.

ಹಾಲಿನ_ಬೂತ್

ಕ್ಯೂಆರ್ ಬಗ್ಗೆ ನಂದೂ ಒಂದು ಮಾತು. ಒಂದ್ಸಲ ಒಬ್ಬ ಸ್ಕ್ರೀನ್‌ಶಾಟ್ ತೋರ್ಸಿ 860 ರೂಪಾಯಿ ಸಾಮಾನು ತಗೊಂಡೋದ, ದುಡ್ಡು ಬಂದೇ ಇರಲಿಲ್ಲ. ಅವತ್ತಿಂದ ಸೌಂಡ್‌ಬಾಕ್ಸ್ ಹೇಳಿದ್ರೆ ಮಾತ್ರ ಬಂತು ಅಂತ ಲೆಕ್ಕ. ಸಾಫ್ಟ್‌ವೇರಲ್ಲಿ ಗಿರಾಕಿ ಕೊಟ್ಟೆ ಅಂದಿದ್ದು ಬೇರೆ, ಬ್ಯಾಂಕಿಗೆ ಬಂದಿದ್ದು ಬೇರೆ, ಎರಡಕ್ಕೂ ಬೇರೆ ಬಣ್ಣ ಇರ್ಲಿ.

ಕಿರ್ದಿ_ಕೋಡ್

ಬೂತ್ ಅಣ್ಣ ಸರಿಯಾಗಿ ಹೇಳಿದ್ರು. ಗೋಡೆಗೆ ಅಂಟಿಸಿರೋ ಕ್ಯೂಆರ್‌ನಲ್ಲಿ ಯಾವ ಬಿಲ್ಲು ಅನ್ನೋ ಮಾಹಿತಿ ಇರಲ್ಲ. ಬಿಲ್ಲಿಗೊಂದು ಕ್ಯೂಆರ್ ಹುಟ್ಟಿಸಿ ಅದರೊಳಗೆ ಮೊತ್ತ, ರೆಫರೆನ್ಸ್ ನಂಬರ್ ಹಾಕ್ಬಹುದು, ಆದ್ರೆ ದುಡ್ಡು ಬಂತು ಅಂತ ನಿಮ್ಮ ಸರ್ವರ್‌ಗೆ ಖಾತ್ರಿ ಸುದ್ದಿ ಬೇಕಂದ್ರೆ ಬ್ಯಾಂಕ್ ಅಥವಾ ಪೇಮೆಂಟ್ ಕಂಪನಿ ಹತ್ರ ಮರ್ಚೆಂಟ್ ಆಗಿ ಸೇರಿರ್ಬೇಕು. ಮೊದಲ ಆವೃತ್ತೀಲಿ ಅದೆಲ್ಲ ಬೇಡ, ಯುಪಿಐನ 12 ಅಂಕಿ ನಂಬರ್ ಬರೆಯೋಕೆ ಒಂದು ಜಾಗ ಕೊಡಿ, ತಿಂಗಳಿಗೊಂದ್ಸಲ ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕಿದ್ರೆ ಅದು ಇದು ಹೋಲಿಸಿ ಸಿಗದೇ ಇರೋದನ್ನ ಮಾತ್ರ ಎತ್ತಿ ತೋರಿಸ್ಲಿ. ಮೆಸೇಜ್ ಓದಿ ತಾನೇ ಬರ್ಕೊಳ್ಳೋ ಯೋಚನೆ ಇದ್ರೆ ಬಿಡಿ, ಎಸ್‌ಎಂಎಸ್ ಓದೋ ಅನುಮತೀನ ಪ್ಲೇ ಸ್ಟೋರ್ ಸುಮ್ಮನೆ ಕೊಡಲ್ಲ, ಗಿರಾಕಿಗಳ ನಂಬಿಕೆ ದೃಷ್ಟಿಯಿಂದಲೂ ಬೇಡ.

ರಾಣೆಬೆನ್ನೂರ್_ಹುಡುಗ

ಎಲ್ಲಾರದೂ ಮಾವಗ ಓದಿ ಹೇಳಿದೆ. ಭಾಳ ಹೊತ್ತು ಕೇಳಿ ಒಂದು ಮಾತ ಬ್ಯಾಡ ಅಂದ್ರು, ಅದು ಮೂವತ್ತು ದಿನದ ಮೆಸೇಜ್. ಅವರು ಅಂದಿದ್ದು ಹಂಗ ಬರೀತೀನಿ, "ಜೂನ್‌ನಾಗ ಗೋವಿನಜೋಳದ ಬೀಜ ಒಯ್ದಾಂವ ಜುಲೈದಾಗ ಎಲ್ಲಿಂದ ಕೊಡ್ತಾನ, ಮಾಲು ಬಂದು ಮಾರಿದ ಮ್ಯಾಲ ಕೊಡ್ತಾನ. ಮಳಿ ಹೋಗಿ ಹೊಲದಾಗ ನಿಂತಾನ, ಅವಗ ಬಾಕಿ ಐತಿ ಅಂತ ಫೋನಿಗೆ ಮೆಸೇಜ್ ಹೋತಂದ್ರ ನಾ ನಾಳೆ ಅವನ ಮುಖಾ ಹೆಂಗ ನೋಡ್ಲಿ." ನನಗ ಇದು ಹೊಳದೇ ಇರಲಿಲ್ಲ. ಈಗ ವಾಯಿದೆ, ಅಂದ್ರ ಬಾಕಿ ಕೊಡೂ ಗಡುವು, ತಾರೀಖು ಅಲ್ಲ, ಬೆಳಿ. ಮುಂಗಾರಿ ಗೋವಿನಜೋಳ ಅಂತ ಆರಿಸಿದ್ರ ಡಿಸೆಂಬರ್, ಹತ್ತಿ ಅಂದ್ರ ಇನ್ನೂ ಮುಂದ, ಹಿಂಗಾರಿದು ಬ್ಯಾರೆ. ಬೆಳಿ ಹಾಳಾತಂದ್ರ ಒಂದ ಬಟನ್, ಮುಂದಿನ ಸುಗ್ಗಿಗೆ ಸರಿಸೂದು. ಮತ್ತ ಭಾಳ ರೈತರು ದಲಾಲಿ ಅಂಗಡಿಯವರಿಗೆ ಹೇಳಿ ಅಲ್ಲಿಂದನ ನಮ್ಮ ಅಂಗಡಿಗೆ ರೊಕ್ಕ ಕಳಸ್ತಾರ, ಅಂದ್ರ ಕೊಟ್ಟಾಂವ ಒಬ್ಬ, ಜಮಾ ಇನ್ನೊಬ್ಬನ ಖಾತೆಗೆ. ಅಕ್ಕಾರು ಹೇಳಿದ ಮನಿ ಖಾತೆ ಇಲ್ಲೂ ಹೊಂದ್ತೈತಿ.

ಸಿಮೆಂಟ್_ಡೀಲರ್_ತುಮಕೂರು

ಮಾವನವರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ನಾನು ಒಪ್ಪಲ್ಲ. ನಮ್ಮ ತಂದೆಯೂ ಹೀಗೇ ಯಾರನ್ನೂ ಕೇಳ್ತಿರಲಿಲ್ಲ. ಆದ್ರೆ ಮೇಲಿನ ಡಿಸ್ಟ್ರಿಬ್ಯೂಟರ್‌ಗೆ ನಾವು ಹೇಳಿದ ದಿನಕ್ಕೆ ಕೊಡ್ಲೇಬೇಕು, ಇಲ್ದಿದ್ರೆ ಮುಂದಿನ ಲೋಡು ಇಲ್ಲ, ಮಳೆ ಹೋಯ್ತು ಅಂತ ಅವರು ಕಾಯಲ್ಲ. ನಡುವೆ ಸಿಕ್ಕಿಹಾಕ್ಕೊಂಡು ಕೈಸಾಲ ಮಾಡಿ ಅಂಗಡಿ ಮುಚ್ಚೋ ಹಂತಕ್ಕೆ ಬಂದಿತ್ತು. ಬರಬೇಕಾದ್ದು ಮಾತ್ರ ತೋರಿಸೋ ಸಾಫ್ಟ್‌ವೇರ್ ಅರ್ಧ ಸತ್ಯ ತೋರಿಸತ್ತೆ. ಈ ತಿಂಗಳು ಕೊಡಬೇಕಾದ್ದು ಇಷ್ಟು, ಬರೋ ಭರವಸೆ ಇರೋದು ಇಷ್ಟು, ಕೊರತೆ ಇಷ್ಟು ಅಂತ ಮೊದಲ ಪರದೆಯಲ್ಲೇ ಕಾಣ್ಬೇಕು. ಮೆಸೇಜ್ ಕಳಿಸೋದು ಬಿಡೋದು ಅವರಿಷ್ಟ, ಯಾರನ್ನ ಕೇಳ್ಬೇಕು ಅಂತ ಅವರಿಗೆ ಗೊತ್ತಾಗ್ಲಿ.

ಕಿರಾಣಿ_ಅಕ್ಕ_ಮೈಸೂರು

ಇದು ನಂಗೂ ಸರಿ ಅನ್ಸತ್ತೆ. ಸಾಫ್ಟ್‌ವೇರ್ ಅಂಗಡಿಯವರಿಗೆ ನೆನಪಿಸ್ಲಿ, ಗಿರಾಕಿಗೆ ನಾವು ನೆನಪಿಸ್ತೀವಿ. ದಾರೀಲಿ ಸಿಕ್ಕಾಗ ಚೆನ್ನಾಗಿದೀರಾ ಅಂದ್ರೆ ಸಾಕು ಅವರಿಗೇ ಗೊತ್ತಾಗತ್ತೆ. ಇನ್ನೊಂದು, ಫೋನ್ ಕೌಂಟರ್ ಮೇಲೆ ಬಿದ್ದಿರತ್ತೆ, ಒಬ್ಬರ ಬಾಕಿ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಯಾರಿಗೆಷ್ಟು ಸಾಲ ಇದೆ ಅಂತ ಬೀದಿಗೆ ಗೊತ್ತಾದ್ರೆ ಆ ಮನೆಯವರು ಮತ್ತೆ ಅಂಗಡಿ ಕಡೆ ತಲೆ ಹಾಕಲ್ಲ. ಓಪನ್ ಮಾಡಿದ ಕೂಡ್ಲೇ ಎಲ್ಲರ ಪಟ್ಟಿ ಬಾಕಿ ಸಮೇತ ಬರೋದು ನಿಲ್ಸು.

ಒತ್ತಕ್ಷರ

ಕನ್ನಡದ ವಿಷಯ ಯಾರೂ ಎತ್ತಲಿಲ್ಲ, ನಾನು ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಕನ್ನಡ ಹಾಕಿ ಪೆಟ್ಟು ತಿಂದವನು. ಅಂಗಡಿಯ 58 ಮಿ.ಮೀ. ಥರ್ಮಲ್ ಪ್ರಿಂಟರ್‌ಗಳಿಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಗೊತ್ತಿರಲ್ಲ, ನೇರವಾಗಿ ಕಳಿಸಿದ್ರೆ ಪ್ರಶ್ನಾರ್ಥಕ ಚಿಹ್ನೆ ಬರ್ತವೆ. ಇಡೀ ಚೀಟೀನ ಚಿತ್ರ ಮಾಡಿ ಕಳಿಸ್ಬೇಕು, ಸ್ವಲ್ಪ ನಿಧಾನ ಆಗತ್ತೆ ಆದ್ರೆ ಸ್ಪಷ್ಟ ಬರತ್ತೆ. ಪಿಡಿಎಫ್ ಲೈಬ್ರರಿಗಳಲ್ಲಿ ಎಷ್ಟೋ ಒತ್ತಕ್ಷರ ಜೋಡಿಸಲ್ಲ, ಅಕ್ಕಿ ಅನ್ನೋದು ಮುರಿದು ಬೀಳತ್ತೆ, ಹಾರ್ಫ್‌ಬಝ್ ಥರ ಅಕ್ಷರ ಜೋಡಿಸೋ ಎಂಜಿನ್ ಇರೋದನ್ನೇ ಬಳಸಿ. ಹುಡುಕಾಟದಲ್ಲಿ ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಹೊಡೆದ್ರೂ ಕನ್ನಡ ಹೆಸರು ಸಿಗ್ಬೇಕು, ಬಸವರಾಜ ಬಸುರಾಜ ಎರಡೂ ಒಂದೇ ಅಂತ ಸ್ವಲ್ಪ ಸಡಿಲ ಇಡಿ. ಹಳೇ ಲೆಕ್ಕ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ರೆ ಮೊದಲು ಎಲ್ಲ ಫೋನಲ್ಲೂ ಕಾಣೋ ಯುನಿಕೋಡ್‌ಗೆ ಬದಲಾಯಿಸ್ಕೊಳ್ಳಿ. ಅಂಕಿ 1,00,000 ಅಂತ ಲಕ್ಷದ ಲೆಕ್ಕದಲ್ಲೇ ಅಲ್ಪವಿರಾಮ ಬೀಳ್ಲಿ, ಮಿಲಿಯನ್ ಥರ ಬಿದ್ರೆ ಯಾವ ಮಾವನಿಗೂ ಓದೋಕಾಗಲ್ಲ.

ರಾಣೆಬೆನ್ನೂರ್_ಹುಡುಗ

ಎರಡು ತಿಂಗಳ ಮ್ಯಾಲ ಬಂದೀನಿ, ಕ್ಷಮಾ ಇರ್ಲಿ. ಅಂಗಡಿಯಾಗ ಪುಸ್ತಕ ಮತ್ತ ಸಾಫ್ಟ್‌ವೇರ್ ಎರಡೂ ಜೋಡಿ ನಡಸಿದ್ವಿ, ರಾತ್ರಿ ಅಂಗಡಿ ಮುಚ್ಚೂ ಮುಂದ ಎರಡೂ ತಾಳೆ ನೋಡೂದು. ಮೊದಲ ವಾರ ದಿನಾ ವ್ಯತ್ಯಾಸ ಬರ್ತಿತ್ತು, ಹೆಚ್ಚಿನದು ಸಂಜಿ ಗದ್ಲದಾಗ ಬಿಟ್ಟುಹೋದ ಎಂಟ್ರಿ. ಆಮ್ಯಾಲ ಅಕ್ಕಾರ ಮಾತು ನೆನಪಾಗಿ ಮೊದಲ ಮೊತ್ತ ಅಷ್ಟ ಒತ್ತೂದು, ಹೆಸರು ಆಮ್ಯಾಲ ಆರಿಸೂದು ಅಂತ ತಿರುವಿದೆ. ಹೆಸರಿಲ್ಲದ ಮೊತ್ತ ಕೆಂಪಗ ಮ್ಯಾಲ ಕುಂತಿರ್ತೈತಿ, ಗದ್ಲ ಮುಗದ ಮ್ಯಾಲ ಮಾವ ಒಂದೊಂದ ಹೆಸರಿಗೆ ಹಚ್ತಾರ. ಬಿಟ್ಟುಹೋಗೂದು ನಿಂತಂಗ ಆತು. ಪಟ್ಟಿ ಮುಚ್ಚೀನಿ, ಹೆಸರು ಹುಡುಕಿದ್ರ ಮಾತ್ರ ಬಾಕಿ ಕಾಣ್ತೈತಿ.

ಅಕ್ಕಾರ ಚಿಕ್ಕ ಪುಸ್ತಕಕ್ಕ ಈಗ ಚೀಟಿ ಬಂದೈತಿ. ಹಿಂದಿನ ಬಾಕಿ, ಇವತ್ತ ಒಯ್ದದ್ದು, ಇವತ್ತ ಕೊಟ್ಟದ್ದು, ಈಗಿನ ಬಾಕಿ, ನಾಕ ಸಾಲು, ಕನ್ನಡದಾಗ. ಆದ್ರ ಥರ್ಮಲ್ ಕಾಗದ ಆರು ತಿಂಗಳಿಗೆ ಮಾಸ್ತೈತಿ ಅಂತ ಒಬ್ಬ ರೈತರು ಹೇಳಿದ್ರು, ಅವರು ಎಲ್ಲಾ ಚೀಟಿ ದೇವರ ಜಗಲಿ ಮ್ಯಾಲ ಡಬ್ಬಿಯಾಗ ಇಡ್ತಾರಂತ. ಹಿಂಗಾಗಿ ಸುಗ್ಗಿಗೊಮ್ಮೆ ದಪ್ಪ ಕಾಗದದ ಮ್ಯಾಲ ಪೂರ್ತಿ ಖಾತೆ ತಗದು, ಮಾವ ಓದಿ ಹೇಳಿ ಇಬ್ರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಕೊಳ್ಳೂದು ಅಂತ ಮಾಡೀವಿ, ಮೇಷ್ಟ್ರು ಹೇಳಿದ್ದ ಪುಟನ ಅದು.

ಒಂದು ಮಾತ್ರ ಬಗೆಹರಿದಿಲ್ಲ. ಖಾತೆ ಇದ್ದ ಹಿರೇರು ಒಬ್ರು ತೀರ್ಕೊಂಡ್ರು, 18,200 ಬಾಕಿ ಐತಿ. ಮಗ ಬಂದು ಅಪ್ಪಂದು ನಾ ಕೊಡ್ತೀನಿ, ನನ್ನ ಹೆಸರಿಗೆ ಬರೀರಿ ಅಂದ. ನಾ ಹೆಸರು ಬದಲಾಯಿಸೂ ಬಟನ್ ಹಾಕ್ಲಾ ಅಂದೆ, ಮಾವ ಒಪ್ಪವಲ್ರು.

ಕಿರಾಣಿ_ಅಕ್ಕ_ಮೈಸೂರು

ಹೆಸರು ಬದಲಾಯಿಸ್ಬೇಡ ತಮ್ಮ. ನಾನಾದ್ರೆ ಅಪ್ಪನ ಪುಟದಲ್ಲಿ ಕೊನೇ ಸಾಲು "ಬಾಕಿ ಮಗನ ಖಾತೆಗೆ ಎತ್ತಿದೆ" ಅಂತ ತಾರೀಖು ಹಾಕಿ ಬರೆದು ಪುಟ ಮುಚ್ತೀನಿ, ಮಗನ ಪುಟದಲ್ಲಿ ಮೊದಲನೇ ಸಾಲು "ತಂದೆಯವರ ಖಾತೆಯಿಂದ ಬಂದಿದ್ದು 18,200" ಅಂತ. ಅವರ ಹೆಸರಲ್ಲಿ ಇಷ್ಟು ವರ್ಷ ಏನೇನು ತಗೊಂಡ್ರು, ಎಷ್ಟು ಕೊಟ್ರು ಎಲ್ಲಾ ಹಾಗೇ ಇರ್ಲಿ. ಮಗನಿಗೆ ಅದನ್ನೊಂದು ಪ್ರತಿ ತೆಗೆದು ಕೊಡು, ಇಟ್ಕೋತಾನೆ.

ಕಿರ್ದಿ_ಕೋಡ್

ಅಕ್ಕ ಹೇಳಿದ ಹಾಗೇ ಮಾಡಿ. ಎರಡು ಸಾಲು, ಎರಡಕ್ಕೂ ಅದರದರ ಗುರುತಿನ ನಂಬರ್, ಆದ್ರೆ ಎರಡರ ವಿವರದಲ್ಲೂ ಒಂದೇ ಜೋಡಿ ನಂಬರ್. ಟೇಬಲ್ ಬದಲಾಯಿಸೋದೂ ಬೇಕಾಗಿಲ್ಲ.